ಹತ್ತನೆಯ ಆಳು ಬರುವವರೆಗೆ ಕಾಯಬೇಡಿ: ಮಂಡ್ಯ, ಮದ್ದೂರು, ಮಳವಳ್ಳಿಯ ಮಾಲೀಕರಿಗೊಂದು ಬಹಿರಂಗ ಪತ್ರ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಆಲೆಮನೆ ಮಾಲೀಕರೇ, ಹೋಟೆಲ್ ಮತ್ತು ಅಂಗಡಿ ನಡೆಸುವವರೇ, ಮನೆ ಬಾಡಿಗೆಗೆ ಬಿಟ್ಟಿರುವ ಅಣ್ಣಂದಿರೇ, ಅಕ್ಕಂದಿರೇ,



ಕೆಲವು ತಿಂಗಳಿಂದ ವಕೀಲನಾದ ನನ್ನ ಆಫೀಸಿನ ಮೆಟ್ಟಿಲು ಹತ್ತುವವರ ಬಾಯಲ್ಲಿ ಒಂದೇ ಮಾತು. ನಿವೃತ್ತಿಯ ಹಣದಲ್ಲಿ ನಾಲ್ಕು ರೂಮು ಕಟ್ಟಿಸಿ ಬಾಡಿಗೆಗೆ ಬಿಟ್ಟ ಮೇಷ್ಟ್ರು, ಗೆಜ್ಜಲಗೆರೆ ಕಡೆ ಶೆಡ್ಡು ಹಾಕಿಕೊಂಡವರು, ಮಳವಳ್ಳಿ ರಸ್ತೆಯಲ್ಲಿ ಊಟದ ಹೋಟೆಲ್ ಇಟ್ಟವರು, ಆಲೆಮನೆಯವರು, ಎಲ್ಲರೂ ಕುರ್ಚಿ ಎಳೆದುಕೊಂಡು ಕೂರುವ ಮೊದಲೇ ಕೇಳುತ್ತಾರೆ: "ಸಾ, ಹೊರಗಿನೋರಿಗೆ ರೂಮ್ ಕೊಟ್ರೆ, ಕೆಲ್ಸ ಕೊಟ್ರೆ ನಮ್ ಮ್ಯಾಲೆ ಕೇಸ್ ಆಯ್ತದಂತಲ್ಲ?" ಕೆಲವರು ಮೊಬೈಲ್ ತೆಗೆದು ತೋರಿಸುತ್ತಾರೆ. ಆ ಸಂದೇಶಗಳಲ್ಲಿ ವಿದೇಶಿಯರ ಕಾಯ್ದೆ, ಕಾರ್ಮಿಕ ಸಂಹಿತೆ, ಬಾಡಿಗೆ ನಿಯಮ ಎಲ್ಲವೂ ಒಂದರೊಳಗೊಂದು ಸೇರಿ ಕಲಸುಮೇಲೋಗರವಾಗಿವೆ. ಒಬ್ಬರಂತೂ ಅದನ್ನು ನಂಬಿ, ಎರಡು ವರ್ಷದಿಂದ ತಪ್ಪದೆ ಬಾಡಿಗೆ ಕೊಡುತ್ತಿದ್ದ ಬಿಹಾರದ ಮೂವರು ಹುಡುಗರನ್ನು ಒಂದೇ ರಾತ್ರಿಯಲ್ಲಿ ಖಾಲಿ ಮಾಡಿಸಿ ಬಂದಿದ್ದರು. ಬಂದ ಮೇಲೆ, ಮಾಡಿದ್ದು ಸರಿಯೇ ಎಂದು ಕೇಳಿದರು.

ಸರಿಯಲ್ಲ. ಏಕೆ ಸರಿಯಲ್ಲ ಎಂದು ಒಬ್ಬೊಬ್ಬರಿಗೇ ಹೇಳುವುದಕ್ಕಿಂತ ಎಲ್ಲರಿಗೂ ಒಟ್ಟಿಗೆ ಬರೆಯುವುದು ಒಳ್ಳೆಯದೆನಿಸಿತು.

ಮೊದಲು ವಿದೇಶಿಯರ ವಿಷಯ ಮುಗಿಸಿಬಿಡೋಣ. ಹೆದರಿಕೆ ಹುಟ್ಟಿರುವುದು ಅಲ್ಲಿಂದಲೇ. ಸಂಸತ್ತು 2025ರ ಏಪ್ರಿಲ್‌ನಲ್ಲಿ ಒಪ್ಪಿದ ವಲಸೆ ಮತ್ತು ವಿದೇಶಿಯರ ಕಾಯ್ದೆ ಅದೇ ವರ್ಷ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. 1920ರ ಪಾಸ್‌ಪೋರ್ಟ್ ಪ್ರವೇಶ ಕಾಯ್ದೆ, 1939ರ ವಿದೇಶಿಯರ ನೋಂದಣಿ ಕಾಯ್ದೆ, 1946ರ ವಿದೇಶಿಯರ ಕಾಯ್ದೆ, 2000ದ ವಾಹಕರ ಹೊಣೆಗಾರಿಕೆ ಕಾಯ್ದೆ, ಈ ನಾಲ್ಕನ್ನೂ ತೆಗೆದು ಒಂದು ಮಾಡಿದ್ದಾರೆ. ಶಿಕ್ಷೆ ಜೋರಾಗಿದೆ. ಸರಿಯಾದ ದಾಖಲೆಯಿಲ್ಲದೆ ದೇಶದೊಳಗೆ ಬಂದವರಿಗೆ ಐದು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ. ವೀಸಾ ಅವಧಿ ಮುಗಿದರೂ ಉಳಿದವರಿಗೆ ಮೂರು ವರ್ಷ, ಮೂರು ಲಕ್ಷದವರೆಗೆ. ವಿದೇಶಿಯರನ್ನು ಇರಿಸಿಕೊಳ್ಳುವ ಲಾಡ್ಜ್, ಹೋಂಸ್ಟೇ, ಹಾಸ್ಟೆಲ್‌ನವರು ಅವರ ವಿವರವನ್ನು ನೋಂದಣಿ ಅಧಿಕಾರಿಗೆ ಕಳಿಸಬೇಕು. ಆಸ್ಪತ್ರೆಗೂ ಕಾಲೇಜಿಗೂ ಇಂಥದ್ದೇ ಹೊಣೆಯಿದೆ. ಹೋಟೆಲಿನವರಿಗೆ ಇದು ಹೊಸತೂ ಅಲ್ಲ, ಹಳೆಯ ಕಾಯ್ದೆಯಲ್ಲೂ ಇತ್ತು.

ಈಗ ನಿಮ್ಮ ರೂಮಿನಲ್ಲಿ ಇರುವವರು ಯಾರು ನೋಡಿ. ಗೋರಖ್‌ಪುರದವನು, ಗಯಾದವನು, ಒಡಿಶಾದವನು, ಜಾರ್ಖಂಡಿನವನು. ಇವರಲ್ಲಿ ಒಬ್ಬನೂ ವಿದೇಶಿಯಲ್ಲ. ದೇಶದ ಯಾವ ಭಾಗದಲ್ಲಾದರೂ ಓಡಾಡುವ, ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ನಮಗೆ ಕೊಟ್ಟಷ್ಟೇ ಅವರಿಗೂ ಕೊಟ್ಟಿದೆ. ಅವರ ಪಾಸ್‌ಪೋರ್ಟ್ ಕೇಳುವ ಅಧಿಕಾರ ನಿಮಗಿಲ್ಲ. ಮಂಡ್ಯದಲ್ಲಿ ಹುಟ್ಟಿದ ಎಷ್ಟು ಜನರ ಹತ್ತಿರ ಪಾಸ್‌ಪೋರ್ಟ್ ಇದೆ? ರಾತ್ರಿ ಕಾವಲು ಕಾಯುವ, ಹೋಟೆಲಿನ ಅಡುಗೆಮನೆಯಲ್ಲಿ ನಿಂತಿರುವ ನೇಪಾಳದ ಹುಡುಗನ ಬಗ್ಗೆಯೂ ಗಾಬರಿ ಬೇಡ. ನೇಪಾಳ, ಭೂತಾನ್ ಪ್ರಜೆಗಳು ಗಡಿ ದಾಟಿ ಬರಲು ಪಾಸ್‌ಪೋರ್ಟ್, ವೀಸಾ ಬೇಕಿಲ್ಲವೆಂದು ಹೊಸ ಕಾಯ್ದೆ ಜಾರಿಯಾದ ದಿನವೇ ಹೊರಡಿಸಿದ ವಿನಾಯಿತಿ ಆದೇಶ ಹೇಳಿದೆ. ಅವರ ದೇಶದ ಗುರುತಿನ ಚೀಟಿ ಇದ್ದರೆ ನೋಡಿ, ಒಂದು ಪ್ರತಿ ಇಟ್ಟುಕೊಳ್ಳಿ.

ಬಂಗಾಳಿ ಮಾತಾಡುವವರ ವಿಷಯದಲ್ಲಿ ಮಾತ್ರ ಒಂದು ನಿಮಿಷ ನಿಲ್ಲಬೇಕು, ಏಕೆಂದರೆ ಅನುಮಾನ ಮೊದಲು ಬೀಳುವುದು ಅವರ ಮೇಲೆಯೇ. ಬಂಗಾಳಿ ನಮ್ಮ ಪಶ್ಚಿಮ ಬಂಗಾಳದ, ತ್ರಿಪುರಾದ ಜನರ ಮಾತು. 2025ರ ಜೂನ್‌ನಲ್ಲಿ ಬೀರ್‌ಭೂಮ್ ಜಿಲ್ಲೆಯ ಒಬ್ಬ ಗರ್ಭಿಣಿಯನ್ನು, ಎಂಟು ವರ್ಷದ ಮಗನ ಸಮೇತ, ದೆಹಲಿಯಲ್ಲಿ ಹಿಡಿದು ಬಾಂಗ್ಲಾದೇಶಕ್ಕೆ ದಬ್ಬಿದರು. ಕಲ್ಕತ್ತಾ ಹೈಕೋರ್ಟ್ ಸೆಪ್ಟೆಂಬರ್‌ನಲ್ಲಿ ಆ ಗಡೀಪಾರನ್ನು ರದ್ದುಮಾಡಿ, ವಾಪಸ್ ಕರೆತರಲು ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಗಿ, ತಾಯಿ-ಮಗ ಮರಳಿ ಬಂದದ್ದು ಡಿಸೆಂಬರ್‌ನಲ್ಲಿ. ಪೊಲೀಸರೇ ಹೀಗೆ ಎಡವಬಹುದಾದರೆ, ಮಾತಿನ ಧಾಟಿ ಕೇಳಿ ಯಾರು ಯಾವ ದೇಶದವರೆಂದು ನಾವು ತೀರ್ಪು ಕೊಡುವುದು ಹೇಗೆ? ನಿಜವಾದ ಅನುಮಾನವಿದ್ದರೆ ಠಾಣೆಗೆ ತಿಳಿಸಿ. ಪರಿಶೀಲಿಸುವ ಕೆಲಸ ಅವರದು. ಬೀದಿಯಲ್ಲಿ ನಿಲ್ಲಿಸಿ ವಿಚಾರಣೆ ಮಾಡುವ, ವಿಡಿಯೊ ತೆಗೆದು ಹಂಚುವ ಅಧಿಕಾರವನ್ನು ಯಾವ ಕಾಯ್ದೆಯೂ ನಮಗೆ ಕೊಟ್ಟಿಲ್ಲ.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ ವಿಷಯ. ಇದು ಹೆಚ್ಚಾಗಿ ಆಲೆಮನೆಯವರಿಗೆ.

ಇರ್ವಿನ್ ನಾಲೆಯ ನೀರು ಬಂತು, ಕಬ್ಬು ಬಂತು, 1933ರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಬಂತು. ಕಾರ್ಖಾನೆಗಳು ಕಟಾವಿಗೆ ತಡಮಾಡಿದಾಗ, ಹಣ ಕೊಡಲು ಸತಾಯಿಸಿದಾಗ ನಮ್ಮ ರೈತನ ಕೈಹಿಡಿದದ್ದು ಆಲೆಮನೆ. ಆ ಆಲೆಮನೆಯನ್ನು ಇವತ್ತು ನಡೆಸುತ್ತಿರುವವರು ಯಾರೆಂದು ನಿಮಗೆ ನಾನು ಹೇಳಬೇಕಿಲ್ಲ. ಬೆಳಗಿನ ಜಾವ ಒಲೆಗೆ ಕಬ್ಬಿನ ಸಿಪ್ಪೆ ತುಂಬುವವನು, ಗಾಣಕ್ಕೆ ಕಬ್ಬು ಕೊಡುವವನು, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕುವಾಗ ನೊರೆ ತೆಗೆಯುವವನು, ಪಾಕದ ಹದ ನೋಡಿ ಅಚ್ಚಿಗೆ ಸುರಿಯುವವನು, ಬಹುತೇಕ ಎಲ್ಲರೂ ಉತ್ತರ ಪ್ರದೇಶ, ಬಿಹಾರದ ಕಡೆಯವರು. ಮಂಡ್ಯದ ಎಪಿಎಂಸಿಗೆ ಹೋಗುವ ಬಕೆಟ್ ಬೆಲ್ಲ, ಅಚ್ಚು ಬೆಲ್ಲ ಇವರ ಕೈಯಲ್ಲೇ ಆಗಿರುತ್ತದೆ. ನಮ್ಮ ಹುಡುಗರು ಆ ಒಲೆಯ ಮುಂದೆ ನಿಲ್ಲುವುದನ್ನು ಬಿಟ್ಟು ಬಹಳ ಕಾಲವಾಯಿತು.

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. 29 ಹಳೆಯ ಕಾಯ್ದೆಗಳು ಇವುಗಳಲ್ಲಿ ಸೇರಿಹೋದವು. ಹಾಗೆ ಹೋದವುಗಳಲ್ಲಿ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯೂ ಒಂದು. ಆ ಕಾಯ್ದೆ ಐದು ಮಂದಿ ಹೊರರಾಜ್ಯದ ಕೆಲಸಗಾರರು ಇರುವ ಜಾಗಕ್ಕೆಲ್ಲ ಅನ್ವಯಿಸುತ್ತಿತ್ತು. ಈಗ ಅದರ ಜಾಗಕ್ಕೆ ಬಂದಿರುವ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲಿ ಆ ಸಂಖ್ಯೆ ಹತ್ತು. ಹತ್ತು ಮಂದಿ ಇದ್ದರೆ ಊರಿಗೆ ಹೋಗಿಬರುವ ಖರ್ಚು ಕೊಡಬೇಕು, ವೈದ್ಯಕೀಯ ತಪಾಸಣೆ ಮಾಡಿಸಬೇಕು, ಸಾವು ಅಥವಾ ಗಂಭೀರ ಗಾಯವಾದರೆ ಎರಡೂ ರಾಜ್ಯಗಳ ಅಧಿಕಾರಿಗಳಿಗೂ ಮನೆಯವರಿಗೂ ತಿಳಿಸಬೇಕು. ಒಂಬತ್ತು ಮಂದಿ ಇದ್ದರೆ ಈ ಅಧ್ಯಾಯ ಅನ್ವಯಿಸುವುದಿಲ್ಲ.

ನಮ್ಮ ಎಷ್ಟೋ ಆಲೆಮನೆಗಳಲ್ಲಿ ಏಳೆಂಟು ಮಂದಿ, ಒಂಬತ್ತು ಮಂದಿ ಇರುತ್ತಾರೆ. ಅಂದರೆ ನಿನ್ನೆಯವರೆಗೆ ಕಾಗದದ ಮೇಲಾದರೂ ಇದ್ದ ರಕ್ಷಣೆ ಇವರಿಗೆ ಇವತ್ತು ಇಲ್ಲ. ಹಳೆಯ ಕಾಯ್ದೆಯಲ್ಲಿ ಊರು ಬಿಟ್ಟು ಬಂದದ್ದಕ್ಕಾಗಿ ತಿಂಗಳ ಸಂಬಳದ ಅರ್ಧದಷ್ಟು ಸ್ಥಳಾಂತರ ಭತ್ಯೆ ಕೊಡಬೇಕೆಂದಿತ್ತು. ಅದನ್ನೂ ಹೊಸ ಸಂಹಿತೆ ಕೈಬಿಟ್ಟಿದೆ. ಒಂದು ಒಳ್ಳೆಯದೂ ಆಗಿದೆ, ಅದನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ಮೊದಲು ಗುತ್ತಿಗೆದಾರನ ಮೂಲಕ ಬಂದವರನ್ನು ಮಾತ್ರ ವಲಸೆ ಕಾರ್ಮಿಕರೆಂದು ಎಣಿಸುತ್ತಿದ್ದರು. ಈಗ ತಾನೇ ರೈಲು ಹತ್ತಿ ಬಂದು ಕೆಲಸಕ್ಕೆ ಸೇರಿದವನೂ, ತಿಂಗಳ ಸಂಬಳ 18,000 ರೂಪಾಯಿ ಮೀರದಿದ್ದರೆ, ಲೆಕ್ಕಕ್ಕೆ ಬರುತ್ತಾನೆ. ಆದರೂ ಐದನ್ನು ಹತ್ತು ಮಾಡಿದ್ದು ನನಗೆ ಒಪ್ಪಿಗೆಯಿಲ್ಲ. ಸಣ್ಣ ಉದ್ಯಮಕ್ಕೆ ಹೊರೆ ಕಡಿಮೆಯಾಗಲಿ ಎಂಬುದು ಸರ್ಕಾರದ ವಾದ. ಕುದಿಯುವ ಪಾಕ ಒಂಬತ್ತು ಮಂದಿ ಇದ್ದಾರೆಂದು ಕಡಿಮೆ ಸುಡುವುದಿಲ್ಲವಲ್ಲ.

ಕೆಲವು ಮಾಲೀಕರು ಈಗಾಗಲೇ ನನ್ನನ್ನು ಕೇಳಿದ್ದಾರೆ, ಹತ್ತು ಆಗದ ಹಾಗೆ ನೋಡಿಕೊಂಡರೆ ಸಾಕಲ್ಲವೇ ಎಂದು. ಸಾಲದು. ವೇತನ ಸಂಹಿತೆಗೆ ತಲೆ ಎಣಿಕೆಯಿಲ್ಲ, ಒಬ್ಬನೇ ಆಳಿದ್ದರೂ ಕನಿಷ್ಠ ವೇತನ ಕೊಡಲೇಬೇಕು. ತಿಂಗಳ ಸಂಬಳ ಮುಂದಿನ ತಿಂಗಳ ಏಳನೇ ತಾರೀಖಿನೊಳಗೆ ಕೈಸೇರಬೇಕು. ಕೆಲಸ ಬಿಟ್ಟವನ ಲೆಕ್ಕ ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಆಗಬೇಕು. ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ಕೂಲಿ. ಸೀಸನ್ ಮುಗಿದ ಮೇಲೆ ಲೆಕ್ಕ ಮಾಡೋಣ ಎಂಬ ನಮ್ಮ ರೂಢಿ ಇದರ ಮುಂದೆ ನಿಲ್ಲುವುದಿಲ್ಲ.

ಮುಂಗಡದ ವಿಷಯವನ್ನು ಇನ್ನೂ ಬಿಡಿಸಿ ಹೇಳಬೇಕು. ಮೇಸ್ತ್ರಿಗೆ ಮುಂಗಡ ಕೊಟ್ಟು ಆಳುಗಳನ್ನು ಕರೆಸುವುದು ಅಪರಾಧವಲ್ಲ. ಆ ಮುಂಗಡ ತೀರುವವರೆಗೆ ಹೋಗಕೂಡದು ಎಂದು ತಡೆಯುವುದು, ಆಧಾರ್ ಕಾರ್ಡನ್ನೋ ಮೊಬೈಲನ್ನೋ ಕಿತ್ತಿಟ್ಟುಕೊಳ್ಳುವುದು, ಮುಂಗಡದ ನೆಪದಲ್ಲಿ ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವುದು, ಇವು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯೊಳಗೆ ಬರುತ್ತವೆ. ಆ ಕಾಯ್ದೆ ಇವತ್ತಿಗೂ ಹಾಗೇ ಇದೆ. ಮೂರು ವರ್ಷದವರೆಗೆ ಜೈಲು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೇ ಬಲವಂತದ ದುಡಿಮೆಯೆಂದು ಸುಪ್ರೀಂ ಕೋರ್ಟ್ 1982ರಲ್ಲೇ, ಏಷ್ಯನ್ ಗೇಮ್ಸ್ ಕಾಮಗಾರಿಯ ಕೂಲಿಗಳ ಪ್ರಕರಣದಲ್ಲಿ ಹೇಳಿದೆ. "ನಾವು ಜೀತ ಇಟ್ಟುಕೊಂಡಿಲ್ಲ ಸಾರ್, ಕಾಸು ಕೊಟ್ಟಿದ್ದೀವಿ" ಎನ್ನುವವರು ಇದನ್ನೊಮ್ಮೆ ಯೋಚಿಸಬೇಕು.

ಕೆಲವು ವರ್ಷಗಳ ಹಿಂದೆ ನಾನು ಕಂಡ ಒಂದು ಪ್ರಕರಣ ಹೇಳುತ್ತೇನೆ. ಊರು, ಹೆಸರು ಬೇಡ. ರಾತ್ರಿ ಪಾಳಿ. ಗಾಣಕ್ಕೆ ಕಬ್ಬು ಕೊಡುತ್ತಿದ್ದ ಹುಡುಗನಿಗೆ ತೂಕಡಿಕೆ ಬಂದು, ಕಬ್ಬಿನ ಜೊತೆಗೆ ಕೈಯೂ ರೋಲರಿನ ನಡುವೆ ಹೋಯಿತು. ಜೊತೆಯವನು ಓಡಿಹೋಗಿ ಮೋಟಾರ್ ಆರಿಸುವಷ್ಟರಲ್ಲಿ ಮಣಿಕಟ್ಟಿನವರೆಗೆ ಜಜ್ಜಿತ್ತು. ಮಾಲೀಕರು ಕೆಟ್ಟವರಲ್ಲ. ಲುಂಗಿಯಲ್ಲೇ ಬಂದು, ತಮ್ಮ ಜೀಪಿನಲ್ಲೇ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಅಲ್ಲಿ ಚೀಟಿ ಬರೆಯುವವರು ಹೆಸರು ಕೇಳಿದಾಗ ಅವರಿಗೆ ಗೊತ್ತಿದ್ದದ್ದು "ಪಪ್ಪು" ಎಂದಷ್ಟೇ. ತಂದೆಯ ಹೆಸರು ಗೊತ್ತಿಲ್ಲ. ಊರು ಗೊತ್ತಿಲ್ಲ. ವಯಸ್ಸು ಇಪ್ಪತ್ತೋ ಇಪ್ಪತ್ತೆರಡೋ. ಮೇಸ್ತ್ರಿಯ ಫೋನ್ ಸ್ವಿಚ್ ಆಫ್. ಆ ಹುಡುಗನ ತಾಯಿಗೆ ಸುದ್ದಿ ಮುಟ್ಟಲು ಮೂರು ದಿನ ಹಿಡಿಯಿತು.

ಆಮೇಲೆ ಪರಿಹಾರದ ಅರ್ಜಿ ಬಂತು. ಕೈಗೆ, ಕಾಲಿಗೆ ಊನವಾದಾಗ ಪರಿಹಾರ ಲೆಕ್ಕ ಹಾಕುವುದು ತಿಂಗಳ ಸಂಬಳದ ಮೇಲೆ. ಅದರ ಶೇ. 60ರಷ್ಟನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಿ, ಕಳೆದುಹೋದ ದುಡಿಯುವ ಶಕ್ತಿಯ ಪ್ರಮಾಣ ಹಿಡಿಯುತ್ತಾರೆ. ಈ ಲೆಕ್ಕ 1923ರ ಕಾಯ್ದೆಯಲ್ಲಿತ್ತು, ಈಗ ಸಾಮಾಜಿಕ ಭದ್ರತಾ ಸಂಹಿತೆಗೆ ಬಂದಿದೆ. ವಯಸ್ಸಿಗೆ ಪುರಾವೆ ಇಲ್ಲ, ಸಂಬಳಕ್ಕೆ ಚೀಟಿ ಇಲ್ಲ. ಮಾಲೀಕರು ಒಂದು ಅಂಕಿ ಹೇಳಿದರು, ಹುಡುಗ ಇನ್ನೊಂದು ಹೇಳಿದ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಒಬ್ಬರು ಊಟ, ಮುಂಗಡ ಕಳೆದು ಹೇಳುತ್ತಿದ್ದರು, ಇನ್ನೊಬ್ಬ ಮೇಸ್ತ್ರಿ ಕೊಟ್ಟ ಮಾತನ್ನು ಹೇಳುತ್ತಿದ್ದ. ವರ್ಷಗಟ್ಟಲೆ ಎಳೆಯಿತು. ಕೊನೆಗೆ ಮಾಲೀಕರು ಜಮೀನಿನ ಮೇಲೆ ಸಾಲ ತೆಗೆದು ಹಣ ಕಟ್ಟಿದರು. ಹುಡುಗನಿಗೆ ಅದು ಸಿಗುವ ಹೊತ್ತಿಗೆ ಅವನ ಮನೆಯವರು ಅದಕ್ಕಿಂತ ಹೆಚ್ಚು ಬಡ್ಡಿಗೆ ತಂದಾಗಿತ್ತು. ನೌಕರರ ಪರಿಹಾರಕ್ಕೆಂದೇ ವಿಮೆ ಸಿಗುತ್ತದೆ, ಸಾಮಾನ್ಯ ವಿಮಾ ಕಂಪನಿಗಳೆಲ್ಲ ಮಾಡುತ್ತವೆ. ವಿಮೆ ಮಾಡಿಸಲು ಅವರು ಕೇಳುವುದು ಕೆಲಸಗಾರರೆಷ್ಟು, ಸಂಬಳವೆಷ್ಟು ಎಂಬ ವಿವರ. ಆ ವಿವರ ಯಾವ ಆಲೆಮನೆಯಲ್ಲೂ ಬರೆದಿಟ್ಟಿರುವುದಿಲ್ಲ.

ಹಾಗಾಗಿ ನಾನು ನಿಮ್ಮನ್ನು ಕೇಳುವುದು ಒಂದೇ: ಬರೆದಿಡಿ. ಹತ್ತನೆಯವನು ಬರಲಿ ಎಂದು ಕಾಯದೆ, ಮೊದಲನೆಯವನಿಂದಲೇ ಬರೆದಿಡಿ. ಹೆಸರು, ತಂದೆ ಅಥವಾ ತಾಯಿಯ ಹೆಸರು, ಊರು, ಪೊಲೀಸ್ ಠಾಣೆ, ಜಿಲ್ಲೆ, ಮನೆಯ ಫೋನ್ ನಂಬರ್, ಸೇರಿದ ದಿನ, ಒಪ್ಪಿದ ಸಂಬಳ, ಕೊಟ್ಟ ಮುಂಗಡ. ಕೆಳಗೆ ಇಬ್ಬರ ಸಹಿ. ಒಂದು ಪ್ರತಿ ನಿಮ್ಮಲ್ಲಿ, ಒಂದು ಅವನಲ್ಲಿ. ಸಂಬಳವನ್ನು ಮೇಸ್ತ್ರಿಯ ಕೈಗೆ ಕೊಡದೆ ಅವನವನ ಖಾತೆಗೇ ಹಾಕಿ.

ಬಳ್ಳಾರಿ ಕಡೆಯಿಂದ ಕಬ್ಬು ಕಡಿಯಲು ಬರುವವರಿಗೂ ಇದೇ ಮಾತು. ಗದ್ದೆ ಬದುವಿನ ಮೇಲೆ ಗುಡಾರ ಹಾಕಿಕೊಂಡು, ಮಕ್ಕಳನ್ನು ಕಟ್ಟಿಕೊಂಡು ಇರುವ ಇವರು ನಮ್ಮ ರಾಜ್ಯದವರೇ ಆದ್ದರಿಂದ ಅಂತರರಾಜ್ಯ ಎಂಬ ಹೆಸರಿನ ಯಾವ ಸೌಲಭ್ಯವೂ ಇವರಿಗೆ ಸಿಗುವುದಿಲ್ಲ. ಆದರೆ ಕನಿಷ್ಠ ಕೂಲಿ ಇವರಿಗೂ ಇದೆ, ಜೀತದ ಕಾಯ್ದೆ ಇವರ ಮುಂಗಡಕ್ಕೂ ಅನ್ವಯಿಸುತ್ತದೆ. ಹತ್ತಿರದ ಸರ್ಕಾರಿ ಶಾಲೆಯ ಮೇಷ್ಟ್ರಿಗೆ ಒಂದು ಮಾತು ಹೇಳಿದರೆ ಅವರ ಮಕ್ಕಳು ಕಟಾವು ಮುಗಿಯುವವರೆಗೆ ತರಗತಿಯಲ್ಲಿ ಕೂರಬಹುದು.

ಮನೆ ಮಾಲೀಕರಿಗೆ ಬರುತ್ತೇನೆ. "ಹೊಸ ಬಾಡಿಗೆ ನಿಯಮ 2025" ಎಂದು ಓಡಾಡುತ್ತಿರುವ ಸಂದೇಶವನ್ನು ಅಳಿಸಿಬಿಡಿ. ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಕೂಡದು ಎಂಬುದು ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿರುವ ಮಾತು. ಅದು ಮಾದರಿ ಮಾತ್ರ, ರಾಜ್ಯವೊಂದು ತನ್ನ ಕಾಯ್ದೆಯಾಗಿ ಒಪ್ಪಿದರೆ ಮಾತ್ರ ಅಲ್ಲಿ ನಡೆಯುತ್ತದೆ. ನಮ್ಮ ಬಾಡಿಗೆ ಕಾಯ್ದೆ 1999ರದು. ಅದೂ ಕಡಿಮೆ ಬಾಡಿಗೆಯ ಮನೆಗಳಿಗೆ ಸೀಮಿತ. ಇವತ್ತಿನ ಬಾಡಿಗೆಗಳಲ್ಲಿ ಹೆಚ್ಚಿನವು ಅದರ ಮಿತಿ ದಾಟಿರುವುದರಿಂದ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಗತಿ.

ಆ ಹಳೆಯ ಕಾಯ್ದೆ ಹೇಳುವುದು ಸರಳ. ತಿಂಗಳ ಬಾಡಿಗೆಯವರನ್ನು ಬಿಡಿಸಬೇಕಾದರೆ 15 ದಿನದ ನೋಟಿಸ್ ಕೊಡಬೇಕು, ಹೋಗದಿದ್ದರೆ ಕೋರ್ಟಿಗೆ ಹೋಗಬೇಕು. ಸಾಮಾನು ಹೊರಗಿಡುವುದು, ಬೀಗ ಬದಲಿಸುವುದು, ಕರೆಂಟು ತೆಗೆಯುವುದು ಯಾವುದೂ ದಾರಿಯಲ್ಲ. ಕಾನೂನು ಬಿಟ್ಟು ಹೊರಹಾಕಿಸಿಕೊಂಡವನು ಆರು ತಿಂಗಳೊಳಗೆ ದಾವೆ ಹಾಕಿದರೆ, ಮನೆ ನಿಮ್ಮದೇ ಆಗಿದ್ದರೂ ಸ್ವಾಧೀನವನ್ನು ಕೋರ್ಟ್ ಅವನಿಗೆ ಮರಳಿ ಕೊಡಿಸುತ್ತದೆ. ಒಂದೇ ರಾತ್ರಿಯಲ್ಲಿ ಮೂವರನ್ನು ಖಾಲಿ ಮಾಡಿಸಿದ ಮೇಷ್ಟ್ರಿಗೆ ನಾನು ಹೇಳಿದ್ದು ಇದನ್ನೇ. ಅವರು ಆ ಹುಡುಗರನ್ನು ಹುಡುಕಿಕೊಂಡು ಹೋಗಿ ಅಡ್ವಾನ್ಸ್ ವಾಪಸ್ ಕೊಟ್ಟು ಬಂದರು. ರೂಮಿಗೆ ಮರಳಲು ಹುಡುಗರು ಒಪ್ಪಲಿಲ್ಲ.

ಪೊಲೀಸರಿಗೆ ಬಾಡಿಗೆದಾರರ ವಿವರ ಕೊಡಬೇಕೆಂಬ ಆದೇಶ ನಿಮ್ಮ ಊರಿನಲ್ಲಿ ಹೊರಟಿದ್ದರೆ ಕೊಡಲೇಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ ಕೆಳಗೆ ಇಂಥ ಆದೇಶ ಬರುತ್ತದೆ, ಮುರಿದರೆ ನ್ಯಾಯ ಸಂಹಿತೆಯ 223ನೇ ಕಲಂ ಕೆಳಗೆ ಶಿಕ್ಷೆಯಿದೆ. ಆದೇಶ ಇಲ್ಲದಿದ್ದರೂ ಗುರುತಿನ ಚೀಟಿಯ ಪ್ರತಿ, ಫೋಟೊ, ಹನ್ನೊಂದು ತಿಂಗಳ ಕರಾರು ಪತ್ರ ಇಟ್ಟುಕೊಳ್ಳುವುದು ನಿಮಗೇ ಕ್ಷೇಮ. ವಿಚಾರಣೆ ಬಂದರೆ ಆ ಕಾಗದಗಳೇ ನಿಮ್ಮ ಪರ ನಿಲ್ಲುತ್ತವೆ. ಆದರೆ ಎಲ್ಲರಿಂದಲೂ ತೆಗೆದುಕೊಳ್ಳಿ. ಮೈಸೂರಿನವನಿಗೆ ಬರೀ ಬಾಯಿಮಾತು, ಬಿಹಾರದವನಿಗೆ ಮಾತ್ರ ಹತ್ತು ಕಾಗದ ಎಂಬಂತಾಗಬಾರದು.

ಇಷ್ಟೆಲ್ಲ ಏಕೆ ಹೇಳುತ್ತೀರಿ, ಹೊರಗಿನವರಿಗಾಗಿ ನಿಮಗೇಕೆ ಇಷ್ಟು ಕಾಳಜಿ ಎಂದು ನೀವು ಕೇಳಬಹುದು, ಕೇಳಿದವರೂ ಇದ್ದಾರೆ. ನಮ್ಮವರೂ ಎಲ್ಲೋ ಹೊರಗಿನವರೇ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಹೊಂದಿಸಲಾಗದೆ ಒದ್ದಾಡುವ ನಮ್ಮ ಮಕ್ಕಳ ಮಾತು ಇರಲಿ, 2020ರ ಮೇ ತಿಂಗಳು ನೆನಪಿಸಿಕೊಳ್ಳಿ. ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಿಂದ ಮುಂಬೈಗೆ ಹೋಗಿ ಹೋಟೆಲಿನಲ್ಲಿ, ಆಟೊದಲ್ಲಿ ದುಡಿಯುತ್ತಿದ್ದ ನಮ್ಮ ಜಿಲ್ಲೆಯವರು ಲಾಕ್‌ಡೌನ್‌ನಲ್ಲಿ ಅನ್ನವಿಲ್ಲದೆ ಊರಿಗೆ ಮರಳಿದರು. ಅಲ್ಲಿ ಅವರು ವಲಸೆಯವರು. ಇಲ್ಲಿಗೆ ಬಂದರೆ ಸೋಂಕು ತಂದವರು. ಸ್ವಂತ ಊರಿನ ಜನವೇ ಅವರನ್ನು ದೂರ ನಿಲ್ಲಿಸಿ ಮಾತಾಡಿಸಿತು. ಅವರಲ್ಲಿ ಎಷ್ಟೋ ಮಂದಿ ಮತ್ತೆ ಮುಂಬೈಗೇ ಹೋಗಿದ್ದಾರೆ. 1979ರ ಕಾಯ್ದೆಯಿಂದ ಹೊಸ ಸಂಹಿತೆಗೆ ಬರುವಾಗ ಐದು ಹತ್ತಾದದ್ದು, ಭತ್ಯೆ ಹೋದದ್ದು, ಅವರಿಗೂ ಅಷ್ಟೇ ತಾಗುತ್ತದೆ.

ಇನ್ನೂ ಹಿಂದಿನದೊಂದಿದೆ. 1991ರ ಡಿಸೆಂಬರ್‌ನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಕೇಂದ್ರ ಸರ್ಕಾರದ ಗೆಜೆಟ್‌ನಲ್ಲಿ ಬಂದಾಗ, ನದಿಯ ಸಿಟ್ಟನ್ನು ಬೆಂಗಳೂರಿನಲ್ಲೂ ಹಳೇ ಮೈಸೂರಿನ ಹಲವೆಡೆಯೂ ಕೂಲಿ ಮಾಡುವ ತಮಿಳರ ಮೇಲೆ ತೀರಿಸಿಕೊಳ್ಳಲಾಯಿತು. ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ಹೋದರು. ಕಾವೇರಿ ಹೋರಾಟ ನಮ್ಮ ಹಕ್ಕಿನದು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ನೀರು ಬಿಡುವ ತೀರ್ಮಾನ ಮಾಡಿದವರು ಆ ಗುಡಿಸಲುಗಳಲ್ಲಿ ಇರಲಿಲ್ಲ. ಇವತ್ತು ಹೊಸ ಕಾಯ್ದೆಯ ಹೆಸರು ಹಿಡಿದು ಬೇರೊಂದು ಗುಂಪಿನ ಮೇಲೆ ಅದೇ ಆಗುವುದನ್ನು ನಾವು ನೋಡುತ್ತ ಕೂರಬಾರದು.

ಕೊನೆಯದಾಗಿ ಎರಡು ಕೆಲಸ. ಮದ್ದೂರು, ಮಳವಳ್ಳಿ ಕೋರ್ಟುಗಳಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ, ಮಂಡ್ಯದಲ್ಲಿ ಜಿಲ್ಲಾ ಪ್ರಾಧಿಕಾರವಿದೆ. 15100ಕ್ಕೆ ಫೋನ್ ಮಾಡಿದರೆ ಕಾನೂನಿನ ಸಲಹೆ ಉಚಿತ. ಈ ನಂಬರನ್ನು ಗಾಣದ ಹತ್ತಿರ, ರೂಮಿನ ಬಾಗಿಲ ಹತ್ತಿರ ದೊಡ್ಡದಾಗಿ ಬರೆಸಿ. ಎರಡನೆಯದು, ಮುಂದಿನ ಸೀಸನ್ ಶುರುವಾಗುವ ಮೊದಲು ಆಲೆಮನೆ ಮಾಲೀಕರು ಒಂದು ದಿನ ಎಪಿಎಂಸಿ ಆವರಣದಲ್ಲಿ ಸೇರಿ, ಕಾರ್ಮಿಕ ಇಲಾಖೆಯವರನ್ನೂ ಮೇಸ್ತ್ರಿಗಳನ್ನೂ ಕರೆಸಿ. ಕೆಲಸಗಾರರ ವಿವರದ ಹಾಳೆಯನ್ನು ನಾನು ಬರೆದುಕೊಡುತ್ತೇನೆ, ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಹಿಂದಿ. ನನಗೆ ಫೀಸು ಬೇಡ. ಜೆರಾಕ್ಸ್ ಖರ್ಚು ನಿಮ್ಮದು.

ಇಂತಿ ನಿಮ್ಮವ,
ಮಂಡ್ಯದ ಒಬ್ಬ ವಕೀಲ